ನಲವತ್ತಮೂರು ನಿಮಿಷ

ಸೋಮವಾರ ಆರನೆಯ ಹಾಳೆಯೂ ಎಳೆದ ಕೂಡಲೇ ಹರಿಯಿತು. ಎರಡು ಇಕ್ಕಳದಲ್ಲಿ ಎರಡು ತುಂಡು, ನಡುವೆ ನನ್ನ ಪೆಚ್ಚು ಮುಖ. ಸುಟ್ಟ ಗಾಯಕ್ಕೆ ಅಂಟಿಸುವ ಹಾಳೆ ಇದು. ಮೈ ಬಾಗಿದಂತೆ ತಾನೂ ಹಿಗ್ಗಬೇಕು. ಮೊದಲ ಸಲ ಮಾಡಿದ್ದು ಮೂರು ಪಟ್ಟು ಹಿಗ್ಗಿತ್ತು. ಆಮೇಲೆ ಅದೇ ಅಳತೆ, ಅದೇ ಪಾತ್ರೆ, ಅದೇ ನಾನು, ಒಂದೂ ಹಿಗ್ಗಲಿಲ್ಲ.

"ಹಾಳೆ ಮಾಡೋ ದ್ರವದಲ್ಲೇ ಕೊಳೆ ಇದೆ," ಎಂದರು ಪ್ರಯೋಗಾಲಯ ನಡೆಸುವ ಮೇಡಂ. "ಭಟ್ಟಿ ಮಾವಂಗೆ ವಯಸ್ಸಾಯ್ತು."

ಭಟ್ಟಿ ಮಾವ ಇಪ್ಪತ್ತಾರು ವರ್ಷಗಳಿಂದ ನಮಗೆಲ್ಲ ಕಚ್ಚಾ ದ್ರವಗಳನ್ನು ಭಟ್ಟಿ ಇಳಿಸಿ ಶುದ್ಧ ಮಾಡಿ ಕೊಡುವವರು. ಅಪಾರ್ಥ ಬೇಡ, ಮನುಷ್ಯ ಕಾಫಿ ಕೂಡ ಮುಟ್ಟುವುದಿಲ್ಲ. ಅವರು ಏಳನೆಯ ಸಲ ಗಾಜಿನ ಕೊಳವೆಗಳನ್ನು ಜೋಡಿಸತೊಡಗಿದರು. ನಡುನಡುವೆ ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ನಮ್ಮ ಕೆಲಸಕ್ಕೆ ಓಲೆಫಿನ್ ಮೆಟಾಥೆಸಿಸ್ ಎಂಬ ದೊಡ್ಡ ಹೆಸರಿದೆ. ದ್ರವದ ಅಣುಗಳು ಬಳೆಗಳ ಹಾಗೆ ಎಂದುಕೊಳ್ಳಿ. ರುಥೇನಿಯಂ ಲೋಹ ಇರುವ ಕ್ಯಾಟಲಿಸ್ಟ್, ಅಂದರೆ ಕ್ರಿಯೆಯನ್ನು ನಡೆಸುವ ವಸ್ತು, ಪ್ರತಿ ಬಳೆಯನ್ನೂ ಅದರ ಜೋಡಿಬಂಧದಲ್ಲಿ ಬಿಡಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರಪಳಿ ಮಾಡುತ್ತದೆ. ಹತ್ತು ನಿಮಿಷಕ್ಕೆ ಸರಿಯಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಇನ್ನೊಂದು ದ್ರವ ಸುರಿದು ಕ್ಯಾಟಲಿಸ್ಟಿನ ಆಟ ನಿಲ್ಲಿಸಬೇಕು. ನಡೆಯುತ್ತಿರುವ ಕ್ರಿಯೆಯನ್ನು ಬಿಟ್ಟು ಯಾರೂ ಹೊರಗೆ ಹೋಗಕೂಡದೆಂದು ಗೋಡೆಗೆ ಬರೆದು ಅಂಟಿಸಿದವಳೂ ನಾನೇ.

ಮಂಗಳವಾರ ಗಂಡ ಫೋನ್ ಮಾಡಿದ. ಮನೆ ಬದಲಿಸುವ ಅದೇ ಹಳೆಯ ರಾಗ. ಆಮೇಲೆ ಮಾತಾಡೋಣ ಎಂದೆ.

"ಪರ್ವಾಗಿಲ್ವೇ, ಎರಡೇ ನಿಮಿಷ! ಅವತ್ತು ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ನೀನೇ ನನ್ ಜೊತೆ ನಲವತ್ತಮೂರು ನಿಮಿಷ ಜಗಳ ಆಡಿದ್ದೆ. ಬೇಕಾದ್ರೆ ಫೋನಲ್ಲಿ ನೋಡ್ಕೋ."

ನೋಡಿದೆ. ಅದು ಮೊದಲ ಹಾಳೆಯ ತಾರೀಖು. ಅವತ್ತು ಕ್ರಿಯೆ ಶುರುವಾದ ಕೂಡಲೇ ಫೋನ್ ಹಿಡಿದು ಹೊರಗೆ ಹೋದವಳು, ಓಡಿ ಬಂದು ನಿಲ್ಲಿಸುವ ದ್ರವ ಸುರಿದು, ಪ್ರಯೋಗದ ಪುಸ್ತಕದಲ್ಲಿ ಹತ್ತು ನಿಮಿಷ ಎಂದು ಬರೆದಿದ್ದೆ. ಬರೆದದ್ದನ್ನು ನಾನೇ ನಂಬಿಬಿಟ್ಟಿದ್ದೆ. ಬಳೆಗಳು ಮುಗಿದರೂ ಕ್ಯಾಟಲಿಸ್ಟ್ ಸುಮ್ಮನೆ ಕೂರುವುದಿಲ್ಲ; ತಾನು ಕಟ್ಟಿದ ಸರಪಳಿಗಳನ್ನೇ ಕತ್ತರಿಸಿ, ಅದಲುಬದಲು ಮಾಡಿ ಮತ್ತೆ ಜೋಡಿಸುತ್ತದೆ. ಉದ್ದ, ಗಿಡ್ಡ ಎಲ್ಲ ಬೆರೆಯುತ್ತವೆ. ಹಾಳೆ ಹಿಗ್ಗಿದ್ದು ಅದಕ್ಕೇ ಇರಬೇಕು.

ಬುಧವಾರ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ನಾಲ್ಕು ಸಲ ಮೇಡಂ ಕೋಣೆಯ ಬಾಗಿಲ ತನಕ ಹೋಗಿ ವಾಪಸು ಬಂದೆ. ಗುರುವಾರ ಯಾರಿಗೂ ಹೇಳದೆ ನಲವತ್ತಮೂರು ನಿಮಿಷ ಬಿಟ್ಟು ಮಾಡಿದೆ, ಹಾಳೆ ಹಿಗ್ಗಿತು. ಸಮಯ ಬದಲಿಸಿ ನೋಡಿದೆ ಎಂದಿದ್ದರೆ ಸಾಕಿತ್ತು, ಹೊಸ ಶೋಧವಾಗಿ ನನಗೇ ಶಹಬ್ಬಾಸ್ ಸಿಗುತ್ತಿತ್ತು. ಆ ಆಸೆಯೂ ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ. ಆದರೆ ಸಂಜೆ ಮೇಡಂ, ಬರುವ ವಾರದಿಂದ ದ್ರವವನ್ನು ಹೊರಗಿನಿಂದ ತರಿಸಿ ಮಾವನನ್ನು ಉಗ್ರಾಣಕ್ಕೆ ಹಾಕುವುದಾಗಿ ಹೇಳಿದರು.

ಶುಕ್ರವಾರ ಬೆಳಿಗ್ಗೆ ಎಲ್ಲ ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಹಳೇ ಸಾಲಿನ ಮೇಲೆ ಒಂದೇ ಗೆರೆ ಎಳಿ. ಕೆಳಗೆ ನಿಜ ಬರ್ದು ಇವತ್ತಿನ ತಾರೀಖು ಹಾಕು," ಎಂದರು. "ಉಗ್ರಾಣದ ಮಾತು ಬಿಟ್ಟೆ. ಮಾವಂಗೆ ನೀನೇ ಹೋಗಿ ಹೇಳು."

ಮಾವ ಗಾಜು ತೊಳೆಯುತ್ತಿದ್ದರು. ನಿಮ್ಮ ದ್ರವದಲ್ಲಿ ಏನೂ ದೋಷ ಇರಲಿಲ್ಲ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಅವರು ನಕ್ಕೇಬಿಟ್ಟರು.

"ಅಷ್ಟುದ್ದ ಜಗಳಾನಾ! ಹೋಗ್ಲಿ ಬಿಡು ತಾಯಿ, ಕೈ ತಪ್ಪೋದು ಎಲ್ಲರಿಗೂ ಇದ್ದಿದ್ದೇ."

ಜೀವಕ್ಕೆ ನಿರಾಳವಾಯಿತು. ಹೊರಡಲು ತಿರುಗಿದೆ.

"ನಿಂಗೆ ಯಾವಾಗ ಗೊತ್ತಾಯ್ತು?"

"ಮಂಗಳವಾರ."

ಅವರು ನಲ್ಲಿ ನಿಲ್ಲಿಸಿದರು.

"ಬುಧವಾರ ನಾನು ಕಣ್ಣು ತೋರ್ಸೋಕೆ ಹೋಗಿದ್ದೆ," ಎಂದರು. "ಥರ್ಮಾಮೀಟರ್ ತಪ್ಪು ಓದ್ತಿದೀನೇನೋ ಅಂತ. ಕಣ್ಣು ಸರಿಯಾಗೇ ಇದೆ ಅಂದ್ರು. ಹಾಗಾದ್ರೆ ನನ್ ತಲೇನೇ ಕೆಟ್ಟಿದೆ ಅಂತ ಮನೇಲಿ ಇವಳ ಮುಂದೆ ಕೂತು ಅತ್ಬಿಟ್ಟೆ. ಹೋಗೋ ಮುಂಚೆ ನಿನ್ನೇ ಕೇಳಿದ್ದೆ ಕಣಮ್ಮ. ತೋರಿಸ್ಕೊಳ್ಳೋದು ಒಳ್ಳೇದು ಮಾವ, ಹೋಗ್ಬನ್ನಿ ಅಂತ ನೀನೇ ಅಂದಿದ್ದೆ."