ಬಿಡ್ತು ಎನ್ನದ ಯೋಗರಾಜ

ಯೋಗರಾಜನ ನಾಲಗೆಯ ತುದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಮಚ್ಚೆಯಿತ್ತು. ಕರಿನಾಲಗೆಯವನು ಆಡಿದ ಕೆಡುಕು ಫಲಿಸಿಯೇ ತೀರುತ್ತದೆಂಬ ನಂಬಿಕೆ, ಮೊಬೈಲು ಬಂದರೂ ಮೆಡಿಕಲ್ ಕಾಲೇಜು ಬಂದರೂ, ನಮ್ಮ ಸಾಗರ ತಾಲ್ಲೂಕಿನ ಕಡೆ ಕೂದಲಷ್ಟೂ ಸಡಿಲಗೊಂಡಿಲ್ಲ. ಅಂಥವನ ಬಾಯಲ್ಲಿ ಅಶುಭ ಬಂದರೆ ಸುತ್ತಲಿದ್ದವರು 'ಬಿಡ್ತು ಅನ್ನೋ' ಎಂದು ಗದರುವುದು, ಅವನು 'ಬಿಡ್ತು' ಎಂದು ಆಡಿದ್ದನ್ನು ಅಲ್ಲೇ ಅಳಿಸಿಹಾಕುವುದು ರೂಢಿ. ಎರಡಕ್ಷರದ ಮಾತು, ಅಂದರೆ ಗಂಟೇನೂ ಹೋಗುವುದಿಲ್ಲ. ಆದರೆ ಈ ಮಹಾರಾಯ ಒಮ್ಮೆಯೂ ಅಂದವನಲ್ಲ. "ಇದ್ದದ್ದು ಇದ್ದಂಗೆ ಹೇಳೀನಿ, ಬಿಡೋದೆಂತದು?" ಎಂದು ತಿರುಗಿ ಕೇಳುತ್ತಿದ್ದ.

ಪೇಟೆಯಲ್ಲಿ ಅವನದು ಸಾಕುವ ಕಡಲ ಮೀನಿನ ಅಂಗಡಿ. ಘಟ್ಟದ ಮೇಲೆ ಕೂತು, ಸಿಹಿನೀರಿಗೆ ಉಪ್ಪಿನಪುಡಿ ಕಲಸಿ, ಗಾಜಿನ ತೊಟ್ಟಿಗಳೊಳಗೆ ಸಮುದ್ರವನ್ನು ಸಾಕಿಕೊಂಡಿದ್ದವನು. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಅಂಗಿಯ ಬಲತೋಳು ಮೊಣಕೈಯಿಂದ ಮೇಲಕ್ಕೆ ಮಡಿಸಿಯೇ ಇರುತ್ತಿತ್ತು, ಎಡತೋಳಿನ ಗುಂಡಿ ಮಣಿಕಟ್ಟಿನವರೆಗೂ ಹಾಕಿರುತ್ತಿತ್ತು; ಬಲಗೈಯನ್ನು ಮೈಯಿಂದ ತುಸು ದೂರ ಹಿಡಿದು, ನೀರು ತೊಟ್ಟಿಕ್ಕುತ್ತಿದೆಯೋ ಎಂಬಂತೆ ನಡೆಯುತ್ತಿದ್ದ. ಆ ಕೈಯೇ ಅವನ ವಿದ್ಯೆ. ದೂರದೇಶದಿಂದ ಬಂದಿಳಿದ ಕಾರ್ಪೆಟ್ ಅನಿಮೋನಿನ ಪರೀಕ್ಷೆಯಲ್ಲಂತೂ ಅವನನ್ನು ಬಿಟ್ಟರೆ ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ನೋಡುವವರ ಕಣ್ಣಿಗೆ ಅದು ಹೂವು, ಮೊಟಕು ಎಳೆಗಳ ಕಂಬಳಿ ಹಾಸಿದಂತಿರುವ ಹೂವು. ನಿಜದಲ್ಲಿ ಅದೊಂದು ಪ್ರಾಣಿ, ಕಿತ್ತಳೆಮೈಗೆ ಬಿಳಿಪಟ್ಟೆಯ ಕ್ಲೌನ್ ಮೀನುಗಳು ಅದರ ಮಡಿಲಲ್ಲಿ ಮಲಗುತ್ತವೆ. ಆರೋಗ್ಯವಾಗಿದ್ದರೆ ನಡುವಿನ ಬಾಯಿ ಬಿಗಿದು ಮುಚ್ಚಿರಬೇಕು, ಬುಡದ ಪಾದ ಹರಿದಿರಬಾರದು, ಬಣ್ಣ ಬಿಳಿಚಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮುಟ್ಟಿದ ಬೆರಳನ್ನು ಬಿಡಿಸಿಕೊಳ್ಳಲಾಗದಷ್ಟು ಅಂಟಬೇಕು. ಒಂದು ಜಾತಿ ಮಾತ್ರ ಹುಟ್ಟಾ ಅಷ್ಟಾಗಿ ಅಂಟುವುದಿಲ್ಲ, ಅದರ ಅಡಿಮೈಯಲ್ಲಿ ಕಿತ್ತಳೆ ಚುಕ್ಕೆಗಳಿರುತ್ತವೆ. ಹೀಗಾಗಿ ಜಾತಿ ಗುರುತಿಸದೆ ಜೀವದ ಮಾತಾಡುವ ಹಾಗಿಲ್ಲ. ಯೋಗರಾಜ ಅಂಚನ್ನು ಮೆಲ್ಲಗೆ ಮಗುಚಿ ಅಡಿಮೈ ನೋಡುತ್ತಿದ್ದ, ಬೆರಳಿಡುತ್ತಿದ್ದ, ಆಮೇಲೆ "ಉಳೀತದೆ" ಅಥವಾ "ಉಳಿಯಲ್ಲ" ಎಂದು ಒಂದೇ ಮಾತು ಹೇಳಿ ಕೈ ಒರೆಸಿಕೊಳ್ಳುತ್ತಿದ್ದ.

ಇಷ್ಟೇ ಆಗಿದ್ದರೆ ಅವನ ಬದುಕು ನೆಟ್ಟಗೆ ನಡೆಯುತ್ತಿತ್ತು. ಹೆಂಡತಿ ತನುಜಾಳ ತಂಗಿಯ ಕೂಸಿಗೆ ಸಿಂಚನಾ ಎಂದು ಹೆಸರಿಟ್ಟ ದಿನ, ಎಲ್ಲರೂ ತೊಟ್ಟಿಲು ತೂಗುತ್ತಿರುವಾಗ ಇವನು ಬಗ್ಗಿ ನೋಡಿ, "ಮಗೀನ ತುಟಿ ನೀಲಿಗಟ್ಟೈತೆ, ಹಾರ್ಟ್ ಡಾಕ್ಟ್ರಿಗೆ ತೋರ್ಸಿ. ಹಂಗೇ ಬಿಟ್ರೆ ಉಳಿಯಲ್ಲ" ಎಂದುಬಿಟ್ಟ. ಮನೆತುಂಬ ಹೆಂಗಸರು 'ಬಿಡ್ತು ಅನ್ನು, ಬಿಡ್ತು ಅನ್ನು' ಎಂದು ಕೂಗಿದರು. ಅನ್ನಲಿಲ್ಲ. ಸಿಟ್ಟಿಗೋ ಹಟಕ್ಕೋ ಅವರು ಡಾಕ್ಟರ ಬಳಿಗೆ ಹೋಗಲಿಲ್ಲ, ಮಳೆಗಾಲ ಕಳೆಯುವುದರೊಳಗೆ ಕೂಸು ಹೋಯಿತು. "ನಿನ್ ಗಂಡನ ನಾಲ್ಗೆ ನನ್ ಮಗೂನ ತಿಂತು" ಎಂದು ತಂಗಿ ಮಣ್ಣು ತೂರಿದಳು. ಒಂದೊಂದಾಗಿ ತವರಿನ ಬಾಗಿಲೆಲ್ಲ ಮುಚ್ಚಿದವು. ಇನ್ನು ಮೇಲೆ ಯಾರೆದುರಿಗೂ ಕೆಟ್ಟದ್ದು ಆಡಕೂಡದೆಂದು ತನುಜಾ ಗಂಡನಿಂದ ಆಣೆ ಹಾಕಿಸಿಕೊಂಡಳು. ಅವಳ ಸಂಕಟಕ್ಕೆ ಅವನು ಮಣಿದ.

ತೀರ್ಥಹಳ್ಳಿಯಲ್ಲಿ ತನುಜಾಳ ದೊಡ್ಡಮ್ಮ ಮಾಸ್ತಮ್ಮನ ಮನೆಯೊಂದೇ ಉಳಿದಿತ್ತು. ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿದ್ದ ಮುದುಕಿಯ ಮಂಚದೆದುರಿಗೆ ಮಗ ಗಣೇಶಮೂರ್ತಿ ಮೀನಿನ ತೊಟ್ಟಿ ಇಡಿಸಿದ್ದ. ಅದರೊಳಗಿನ ಕ್ಲೌನ್ ಜೋಡಿಯೊಡನೆ ಮಾತಾಡುತ್ತಲೇ ಆಕೆ ಹಗಲನ್ನು ಸಾಗಿಸುತ್ತಿದ್ದಳು. ಮೊನ್ನೆ ಚಳಿಗಾಲದಲ್ಲಿ ಗಣೇಶಮೂರ್ತಿ ಆ ಜೋಡಿಗೆಂದು ಕಾರ್ಪೆಟ್ ಅನಿಮೋನ್ ತರಿಸಿ ತೊಟ್ಟಿಗಿಳಿಸಿ, "ಭಾವ, ಬಂದು ಒಂದ್ಸಲ ನೋಡ್ಹೋಗಿ" ಎಂದು ಫೋನ್ ಮಾಡಿದ. ಗಂಡಹೆಂಡಿರಿಬ್ಬರೂ ಹೋದರು.

"ಬಂದ್ರಾ? ನೋಡು ಯೋಗರಾಜ, ನನ್ ಮೀನಿಗೆ ಹೊಸಾ ಹಾಸ್ಗೆ! ಹೆಂಗೈತೆ ಹೇಳು. ಚಲೋ ಇದ್ರೆ ಮಾತ್ರ ಹೇಳು ಮತ್ತೆ!" ಎಂದು ಮಾಸ್ತಮ್ಮ ಸೊಟ್ಟಬಾಯಲ್ಲಿ ನಕ್ಕಳು.

ಅವನು ಕೈಯಿಳಿಸಿದ. ಅನಿಮೋನಿನ ಬಾಯಿ ಆಕಳಿಸಿದಂತೆ ತೆರೆದಿತ್ತು. ಮೈ ಸುಣ್ಣದಂತೆ ಬೆಳ್ಳಗಾಗಿತ್ತು, ಪಾದದಲ್ಲಿ ಹರಿದ ಗಾಯವಿತ್ತು. ಬೆರಳಿಟ್ಟ, ಜಾರಿತು, ಅಂಟಿನ ಸುಳಿವೇ ಇಲ್ಲ. ಅಂಟದ ಜಾತಿಯಾದರೂ ಆಗಿರಲಿ ದೇವರೇ ಎಂದುಕೊಂಡು ಅಂಚು ಮಗುಚಿದ. ಕಿತ್ತಳೆ ಚುಕ್ಕೆ ಒಂದಾದರೂ ಇರಲಿಲ್ಲ. ಇದು ಅಂಟಬೇಕಾದ ಜಾತಿ, ಸಾಯುತ್ತಿದೆ, ಸತ್ತರೆ ಕೊಳೆತು ತೊಟ್ಟಿಗೆಲ್ಲ ವಿಷವಿಕ್ಕುತ್ತದೆ. "ಗಣೇಶಮೂರ್ತಿ, ಒಂಚೂರು..." ಎಂದು ಬಾಯಿ ತೆರೆದವನು ತನುಜಾಳ ಮುಖ ನೋಡಿದ. ಆ ಮುಖದಲ್ಲಿದ್ದ ಭಯ ನೋಡಿದರೆ ಕಲ್ಲೂ ಕರಗಬೇಕು.

"ಚಲೋ ಐತೆ ಅತ್ತೆ. ಇದು ಅಂಟದ ಜಾತಿ" ಎಂದ.

ವಾಪಸು ಬರುವಾಗ ಹೊಸನಗರ ದಾಟಿದ ಮೇಲೆ ವ್ಯಾನು ನಿಲ್ಲಿಸಿ ಫೋನು ಕೈಗೆತ್ತಿಕೊಂಡ. "ಹೇಳಿಬಿಡ್ತೀನಿ ತನುಜಾ. ಈಗ್ಲೇ ಅದನ್ನ ತೆಗೆದ್ರೆ ಮೀನಾದ್ರೂ ಉಳೀತಾವೆ."

"ಹೇಳಿ. ನೀವು ಹೇಳಿದ್ಮೇಲೆ ಅದು ಸಾಯತ್ತೆ. ಸತ್ತಿದ್ದು ನಿಮ್ಮ ನಾಲ್ಗೆಯಿಂದ ಅಂತಾರೆ. ಆ ಮನೇನೂ ಹೋದ್ರೆ ನಂಗಂತ ಯಾರಿದಾರ್ರೀ?" ಎಂದು ಸೆರಗು ಬಾಯಿಗೊತ್ತಿ ಅತ್ತಳು. ಅವನು ಫೋನನ್ನು ಜೇಬಿಗಿಟ್ಟು ವ್ಯಾನು ಹೊರಡಿಸಿದ.

ಬೆಳಗಾಗುವಷ್ಟರಲ್ಲಿ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಸುದ್ದಿ ತಿಳಿದು ಇವರು ಓಡಿಬಂದಾಗ ಗಣೇಶಮೂರ್ತಿ ಮೂಗಿಗೆ ಟವೆಲ್ ಕಟ್ಟಿಕೊಂಡು ಸತ್ತ ಮೀನುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದ. ಕಣ್ಣೆದುರೇ ಎಲ್ಲ ನಡೆದರೂ ಮುಖ ತಿರುಗಿಸಿಕೊಳ್ಳಲಾಗದ ಮುದುಕಿ, ಅಯ್ಯೋ ಪಾಪ, ಇಡೀ ರಾತ್ರಿ ಅದನ್ನೇ ನೋಡುತ್ತ ಮಲಗಿದ್ದಳು.

"ಕೈ ಹಾಕಿ ನೋಡಿದ್ಯಲ್ಲ ಯೋಗರಾಜ, ನಿಂಗೆ ಗೊತ್ತಾಗ್ಲಿಲ್ವನಾ?"

"ಗೊತ್ತಾಗಿತ್ತು ಅತ್ತೆ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ತನುಜಾ ಬಿಕ್ಕುತ್ತ, ಕರಿನಾಲಗೆಯ ಭಯಕ್ಕೆ ಆಣೆ ಹಾಕಿಸಿದವಳು ತಾನೇ ಎಂದಳು.

"ನಾ ಆ ಕರಿನಾಲ್ಗೆ ಮಾತ್ನ ಒಂದಿನಾನೂ ನಂಬಿರ್ಲಿಲ್ಲ ಕಣೇ. ಚಲೋ ಇದ್ರೆ ಮಾತ್ರ ಹೇಳು ಅಂದಿದ್ದು ತಮಾಷೆಗೆ. ಉಳಿದವ್ರು ಬಾಯಿಗೆ ಬಂದಂಗೆ ಚಲೋದು ಹೇಳ್ತಾರೆ, ಇವ ಒಬ್ಬ ಇದ್ದಂಗೆ ಹೇಳ್ತಾನೆ ಅಂತಲೇ ಕರ್ಸಿದ್ದು" ಎಂದ ಮಾಸ್ತಮ್ಮ ಉಸಿರು ತೆಗೆದುಕೊಂಡು, "ಇನ್ನು ಬರಬ್ಯಾಡಿ" ಎಂದಳು.

ಈಗ ಅಂಗಡಿಗೆ ಯಾರು ಏನು ತಂದು ತೋರಿಸಿದರೂ ಯೋಗರಾಜ ಬೆರಳು ಅದ್ದದೆಯೇ "ಚಲೋ ಐತೆ" ಎನ್ನುತ್ತಾನೆ. ಗಿರಾಕಿಗಳಿಗೆ ಖುಷಿ, ಮೊದಲೆಲ್ಲ ಮೂಗು ಮುರಿಯುತ್ತಿದ್ದವರು ಈಗ ಬಹಳ ಸುಧಾರಿಸಿದ್ದಾನೆ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಕೆಟ್ಟದ್ದನ್ನು ಮೊದಲು ಕಾಣುವ ಕಣ್ಣು, ಕಂಡದ್ದನ್ನು ನುಂಗದೆ ಆಡುವ ನಾಲಗೆ, ಇವೆರಡೂ ಒಬ್ಬನಲ್ಲೇ ಕೂಡಿಬರುವುದು ಅಪರೂಪ. ಕೂಡಿಬಂದ ಕಡೆ ನಾವು ಅದಕ್ಕೆ ಅಪಶಕುನವೆಂದು ಹೆಸರಿಡುತ್ತೇವೆ. ಅಂಥವರು ನಮ್ಮ ಮೇಲೆ ಮುನಿದು ಎಲ್ಲಿಗೂ ಹೋಗುವುದಿಲ್ಲ, ಪ್ರೀತಿಸಿದವರ ಕಣ್ಣೀರಿಗೆ ಸೋತು ನಮ್ಮ ನಡುವೆಯೇ ನಮ್ಮಂತೆಯೇ ಆಗಿಬಿಡುತ್ತಾರೆ. ಆಮೇಲೆ ನಮ್ಮ ಮನೆಯ ಕೂಸಿನ ತುಟಿ ನೀಲಿಗಟ್ಟಿದ ದಿನ, ಅವರೂ ಎಲ್ಲರ ಜೊತೆ ನಗುತ್ತ ತೊಟ್ಟಿಲು ತೂಗುತ್ತಾರೆ.