ಕೈ ಕಟ್ಟಿದರೆ ಕೇಳುವುದಿಲ್ಲ

ಕೊಟ್ರೇಶಪ್ಪ ಬಂದದ್ದು ಮಗಳ ಟಿ.ಸಿ. ಕೇಳಲು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಅವರದು. ಅವರು ಒಳಗೆ ಬಂದರೆ ಘಾಟೂ ಜೊತೆಗೇ ಬರುತ್ತದೆ.

“ನಮ್ಮ ಸ್ನೇಹಾನ ಲಕ್ಷ್ಯ ಒಂದು ಕಡೆ ನಿಲ್ಲಂಗಿಲ್ರಿ ಜರೀನಾ ಟೀಚರ್. ರಾಣೆಬೆನ್ನೂರಾಗ ಒಂದು ಹಾಸ್ಟೆಲ್ ನೋಡೇನಿ, ಭಾಳ ಕಡಕ್ ಅಂತ. ಅಲ್ಲೇ ಹಾಕತೇನಿ.”

ನಾಲ್ಕನೇ ತರಗತಿಯ ಹುಡುಗಿ, ಇನ್ನೂ ಅಜ್ಜಿಯ ಸೆರಗು ಹಿಡಿದೇ ಮಲಗುವವಳು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. ಹೇಗೋ ನುಂಗಿಕೊಂಡೆ.

“ಕೊಡೂಣಂತ್ರಿ. ಮೊದಲ ಒಂದು ಪಿರಿಯಡ್ ನನ್ನ ಕ್ಲಾಸಿನ್ಯಾಗ ಕುಂದ್ರಿ.”

ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಹೇಗೋ ತುರುಕಿಕೊಂಡು ಕೂತರು. ಎದುರಿಗೇ ಸ್ನೇಹಾ ತಲೆ ತಗ್ಗಿಸಿ ಹೂಬತ್ತಿ ಹೊಸೆಯುತ್ತಿದ್ದಳು.

“ನೋಡ್ರಿ! ಪಾಠ ಬಿಟ್ಟು ಹತ್ತಿ ಹಿಡಕೊಂಡು ಕುಂತಾಳ!”

“ಕೈಯಾಗ ಹತ್ತಿ ಕೊಟ್ಟಾಕಿ ನಾನ ರಿ.”

ಕಾರಣ ಹೇಳಿದ್ದು ಸ್ನೇಹಾಳೇ. “ಕೈ ಕಟ್ಟಿದ್ರ ನನಗ ಕೇಳಂಗಿಲ್ರಿ ಟೀಚರ್” ಅಂದಿದ್ದಳು. ಕೈ ಅಲುಗದಂತೆ ಕಾಯುವುದರಲ್ಲೇ ಅವಳ ಗಮನವೆಲ್ಲ ಮುಗಿದುಹೋಗುತ್ತಿತ್ತು. ಮನೆಯಲ್ಲಿ ಮಾಡುವ ಕೆಲಸವೇ ಇರಲಿ ಎಂದು ಮೊದಲು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೊಟ್ಟೆ. ಇಡೀ ತರಗತಿ ಸೀನಿ ಸೀನಿ ಸುಸ್ತಾಯಿತು, ಹೆಡ್‌ಮಾಸ್ತರರು ಓಡಿಬಂದರು. ಆಮೇಲೆ ಅವಳ ಅಜ್ಜಿ ಪ್ರೇಮವ್ವ ಹತ್ತಿ ಕಳಿಸಿದರು.

ಕೊಟ್ರೇಶಪ್ಪ ಬಂದು ಕೂತ ಆ ದಿನ ತುಂಗಭದ್ರೆಯ ಪಾಠ. ನಡುವೆ ನಿಲ್ಲಿಸಿ, ಇಲ್ಲಿಯವರೆಗೆ ಏನು ಹೇಳಿದೆ ಎಂದು ಸ್ನೇಹಾಳನ್ನು ಕೇಳಿದೆ. ತಲೆ ಎತ್ತದೆಯೇ ಹೇಳಿದಳು:

“ತುಂಗಾ, ಭದ್ರಾ ಕೂಡ್ಲಿಯೊಳಗ ಕೂಡ್ತಾವ್ರಿ. ಮುಂದ ಆಚಿ ದಂಡಿಗೆ ಹರಿಹರ, ಈಚಿ ದಂಡಿಗೆ ಕುಮಾರಪಟ್ಟಣ. ಆಮ್ಯಾಲೆ ಐರಣಿ. ಐರಣಿ ಅನ್ನೂಮುಂದ ನೀವು ಕೆಮ್ಮಿದ್ರಿ.”

“ಬಾಯಿಪಾಠ ಮಾಡಿಸಿರ್ತೀರಿ” ಎಂದು ಗೊಣಗಿದರು ಕೊಟ್ರೇಶಪ್ಪ. ಅವರು ಬಂದಾಗಿನಿಂದ ಬೈಕಿನ ಕೀಲಿ ಬೆರಳಲ್ಲಿ ಗರಗರ ತಿರುಗುತ್ತಲೇ ಇತ್ತು.

“ಅಣ್ಣಾರ, ಈಗ ನೀವು ಕೈ ಕಟ್ಟಿ ಕುಂದ್ರಿ.”

ಮಕ್ಕಳು ಕಿಸಕ್ಕೆಂದರು. ಅವರೂ ನಕ್ಕು ಕೈ ಕಟ್ಟಿದರು. ನಾನು ಪಾಠ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಅವರ ಮೊಣಕಾಲು ಕುಣಿಯತೊಡಗಿತು. ಬೆರಳುಗಳು ತೋಳನ್ನು ಚಿವುಟಿದವು. ಹಣೆಯಲ್ಲಿ ಬೆವರು.

“ನಾ ಈಗ ಏನ್ ಹೇಳಿದೆ?”

ಅವರು ಕಟ್ಟಿದ ಕೈ ಬಿಚ್ಚಿದರು, ಕೀಲಿ ಮತ್ತೆ ಗರಗರ ತಿರುಗಿತು. ತಮ್ಮ ಕೈಗಳನ್ನೇ ನೋಡಿಕೊಂಡರು.

“ಲಕ್ಷ್ಯೆಲ್ಲಾ ಕೈ ಮ್ಯಾಲೇ ಇತ್ರಿ...” ತಡೆದು ಮತ್ತೆ ಹೇಳಿದರು. “ನಮ್ಮ ಮಾಸ್ತರು ಈ ಕೈಗೇ ಹೊಡೀತಿದ್ರು. ಏಳನೇತ್ತಕ್ಕ ಸಾಲಿ ಬಿಟ್ಟೆ. ನಾನು ದಡ್ಡ ಅಂತ ಮಂದಿ ಅಂದ್ರು, ನಾನೂ ಖರೇ ಅನ್ಕೊಂಡೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ.

ಸ್ನೇಹಾ ಎದ್ದುಬಂದು ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡಳು. ಅದೇ ಅಂಗೈಯಲ್ಲಿ ಒಂದಿಷ್ಟು ಹತ್ತಿ ಇಟ್ಟಳು.

“ಇದು ಸಪ್ಪಳ ಮಾಡಂಗಿಲ್ಲಪ್ಪಾ.”

ಗಂಟೆ ಹೊಡೆಯಿತು. ಕೊಟ್ರೇಶಪ್ಪ ಮುಂದಿನ ಪಿರಿಯಡ್ಡಿಗೂ ಏಳಲಿಲ್ಲ.