ಸಕ್ರಿಯನ್ನು ಅರಕೇರಿಗೆ ಕೊಟ್ಟದ್ದು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ನನ್ನ ಅತ್ತೆ ಪೀರಾಂಬಿ ಅದನ್ನು ತಿರುಗಿಸಿ, ಆಕಳು ಒಯ್ಯಲು ಬಂದವರ ಹಲ್ಲು ಹಿಡಿದು ನೋಡಿದರು. ತೊರವಿಯ ನಮ್ಮ ಮನೆಗೆ ಹದಿನೈದು ದಿನ ಜನ ಬಂದರು, ಹೋದರು. ಒಬ್ಬನ ಕೊಟ್ಟಿಗೆಗೆ ತಗಡಿನ ಮಾಡು, ಬೇಸಿಗೆಯಲ್ಲಿ ಕಾಯುತ್ತದೆ, ಬೇಡ. ಇನ್ನೊಬ್ಬ ಮಾತಾಡುತ್ತಲೇ ಸುಮ್ಮನಿದ್ದ ನಾಯಿಗೆ ಕಲ್ಲು ಬೀಸಿದ, ಬೇಡವೇ ಬೇಡ. ನನ್ನನ್ನು ಸೊಸೆಯಾಗಿ ನೋಡಲು ಬಂದಾಗ ಇದೇ ಅತ್ತೆ ಅರ್ಧ ತಾಸು ಕೂತು, ಚಹಾ ಕುಡಿದು, ಹೂಂ ಅಂದು ಎದ್ದಿದ್ದರು.

ಆಕಳ ಹೆಸರು ಸಕ್ರಿ. ಗಿಡ್ಡ ಮೈ, ಕಂದು ಬಣ್ಣ, ಹೊತ್ತಿಗೆ ಮೂರು ಲೀಟರ್ ಹಾಲು. ಮಳೆಗಾಲದಲ್ಲಿ ಕರು ಸತ್ತ ಮೇಲೆ, ಅತ್ತೆ "ಬಾ ನನ್ನವ್ವಾ" ಎಂದು ಕರೆದರೆ ಮಾತ್ರ ಹಾಲು ಇಳಿಸುತ್ತಿತ್ತು. ಎಂಟು ವರ್ಷ ಅದರ ಸಗಣಿ ಬಳಿದವಳು ನಾನು. ಆ ದನಿಯಲ್ಲಿ ಆ ಮನೆಯಲ್ಲಿ ನನ್ನನ್ನು ಯಾರೂ ಒಮ್ಮೆಯೂ ಕರೆದಿರಲಿಲ್ಲ. ಹೊಟ್ಟೆಕಿಚ್ಚು ಅನ್ನುವಿರಾದರೆ ಅನ್ನಿ, ಅದು ಹೊಟ್ಟೆಕಿಚ್ಚೇ.

ಕೊಡಬೇಕಾಗಿ ಬಂದದ್ದು ಮಾವ ಮಶಾಕಸಾಬರಿಗಾಗಿ. ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ವಿಜಯಪುರದಲ್ಲಿ ಡಯಾಲಿಸಿಸ್. ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಎರಡನೇ ಮಹಡಿಯ ಮನೆ ಹಿಡಿದೆವು. ತೊರವಿಯ ಮನೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು, ಶುಕ್ರವಾರ ಕೀಲಿ ಒಪ್ಪಿಸಬೇಕಿತ್ತು.

ಕೊನೆಗೆ ಅತ್ತೆಯ ಪರೀಕ್ಷೆಯಲ್ಲಿ ಪಾಸಾದವರು ಅರಕೇರಿಯ ಶಾಂತಪ್ಪ ಮತ್ತು ಅವನ ಹೆಂಡತಿ ಹುಲಿಗೆವ್ವ. ಹೊಲದಲ್ಲೇ ಮನೆ, ಬೇವಿನ ನೆರಳು, ನೀರಿನ ತೊಟ್ಟಿ. ನಾವು ಹೋದಾಗ ಹುಲಿಗೆವ್ವ ತಮ್ಮ ಎಮ್ಮೆಯ ಕಿವಿಯಿಂದ ಉಣ್ಣೆಹುಳ ಕೀಳುತ್ತ ಕೂತಿದ್ದಳು. ಅದನ್ನು ನೋಡಿ ಅತ್ತೆ ನಿಂತಲ್ಲೇ ಮಾತು ಕೊಟ್ಟರು. ರೊಕ್ಕ ಬೇಡವೆಂದರು. "ಪುಕ್ಕಟೆ ತಂದ ದನ ಮನ್ಯಾಗ ಉಳಿಯಾಂಗಿಲ್ರೀ" ಎಂದು ಶಾಂತಪ್ಪ ಎರಡು ಚೀಲ ಬಿಳಿಜೋಳ ತಂದು ಹಾಕಿದ.

ಜೋಳ ಹಾಕಿದರೂ ದನ ಉಳಿಯಲಿಲ್ಲ. ಸೋಮವಾರ ಹೋದದ್ದು ಮಂಗಳವಾರ ಬೆಳಕು ಹರಿಯುವಾಗ ಹರಿದ ಹಗ್ಗ ಎಳೆದುಕೊಂಡು ನಮ್ಮ ಬಾಗಿಲಲ್ಲಿತ್ತು. ಅತ್ತೆ ಅತ್ತರು, ನಕ್ಕರು, ಬೆಲ್ಲ ತಿನ್ನಿಸಿದರು. ಶಾಂತಪ್ಪ ಬಂದು ಕರೆದೊಯ್ದು, ಓಡದಿರಲೆಂದು ಅದರ ಕೊರಳಿಗೆ ಕಟ್ಟಿಗೆಯ ದಿಮ್ಮಿ ಕಟ್ಟಿದ. ಗುರುವಾರ ದಿಮ್ಮಿ ಸಮೇತ ಬಂತು. ಮುಂಗಾಲುಗಳ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು, ಕೆಚ್ಚಲು ಕಲ್ಲಾಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದೊಡ್ಡ ರಸ್ತೆಯಲ್ಲಿ ಹಾಗೇ ನಡೆದು ಬಂದಿತ್ತು.

ಶಾಂತಪ್ಪ ಮೂರು ಗಾಲಿಯ ಟಂಟಂ ಗಾಡಿ ತಂದು ನಿಲ್ಲಿಸಿದ. ಇಳಿದವನು ಹಗ್ಗ ಮುಟ್ಟಲಿಲ್ಲ.

"ಯವ್ವಾ, ಇದು ನಿಮ್ಮನ್ನ ಬಿಡಾಂಗಿಲ್ಲ. ಇನ್ನೊಮ್ಮಿ ಓಡಿತಂದ್ರ ರೋಡಿನ್ಯಾಗ ಸಾಯತೈತಿ. ನಾಳಿಂದ ನೀವೂ ಇಲ್ಲಿ ಇರಾಂಗಿಲ್ಲ. ಆ ಪಾಪ ನಂಗ ಬ್ಯಾಡ್ರಿ, ನಿಮ್ಮ ಆಕಳ ನೀವ ಇಟ್ಕೋರಿ."

ಸಕ್ರಿಗೆ ಇನ್ನೊಂದು ಮನೆ ಹುಡುಕಲು ಒಂದೇ ದಿನ ಉಳಿದಿತ್ತು. ಸಂತೆಗೆ ಹೊಡೆದರೆ ಯಾರ ಕೈ ಸೇರುತ್ತದೋ ದೇವರೇ ಬಲ್ಲ. ಅತ್ತೆ ಹಾಲು ಹಿಂಡಲು ಕೂತರು. ನಾನು ಬಕೆಟ್ ಕಸಿದುಕೊಂಡೆ.

"ನೀವು ಹಿಂಗ ಮಾಡೂದಕ್ಕ ಅದು ಬರತೈತಿ. ಕರೀರಿ. ಬಂದ ಕೂಡಲೇ ಹೊಡೀರಿ."

"ಯಾರನ್ನ?"

"ಸಕ್ರೀನ. ನಿಮ್ಮ ದನಿ ಕೇಳಿದ್ರ ಅದಕ್ಕ ಅಂಜಿಕಿ ಹುಟ್ಟಬೇಕು. ನಾ ಹೊಡದ್ರ ನಂಗ ಅಂಜತೈತಿ, ಏನ ಉಪಯೋಗ?"

ನಾನು ಹೇಳಿದ್ದು ಸರಿಯಾಗಿತ್ತು. ಹೇಳುವಾಗ ನನಗೆ ಒಳಗೆ ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಅತ್ತೆ ಅಂಗಳದ ಆ ತುದಿಗೆ ನಿಂತು "ಬಾ ನನ್ನವ್ವಾ" ಎಂದರು. ಸಕ್ರಿ ದಿಮ್ಮಿ ಎಳೆಯುತ್ತ ಹೋಗಿ, ಕೊರಳು ಕೆರೆಯಲೆಂದು ಕತ್ತು ಚಾಚಿತು. ಅತ್ತೆ ಜಾಲಿ ಬಡಿಗೆಯನ್ನು ಅದರ ಬೆನ್ನಿಗೆ ಮುಟ್ಟಿಸಿದರು.

"ನೊಣಾ ಹೊಡೀತೀರೇನು?" ಎಂದೆ.

ಎರಡನೆಯದು ಜೋರಾಗಿ ಬಿತ್ತು. ಪೆಟ್ಟು ಬಿದ್ದರೆ ಕೊಟ್ಟಿಗೆಗೆ ಹೋಗಬೇಕು ಎಂದಷ್ಟೇ ಸಕ್ರಿಗೆ ಗೊತ್ತು. ಹೋಗಿ ತನ್ನ ಗೂಟದ ಪಕ್ಕ, ತನ್ನ ಜಾಗದಲ್ಲಿ ವಿಧೇಯವಾಗಿ ನಿಂತಿತು. ಅತ್ತೆ ಅಲ್ಲಿಂದಲೂ ಹೊಡೆದು ಹೊರಗಟ್ಟಬೇಕಾಯಿತು. ಮತ್ತೆ ಕರೆದರು, ಮತ್ತೆ ಬಂತು. ಈ ಸಲ ಮೂತಿಗೆ ಹೊಡೆದರು. ಅಳುತ್ತ ಕರೆಯುತ್ತಿದ್ದರು, ಬೈಯುತ್ತ ಹೊಡೆಯುತ್ತಿದ್ದರು. ಮಾವ ಒಳಗಿನಿಂದ "ಯಾರನ್ನ ಹೊಡ್ಯಾಕತ್ತೀರಿ?" ಎಂದು ಕೂಗಿದರು. ಶಾಂತಪ್ಪ "ಸಾಕ್ರಿ ಯವ್ವಾ" ಎಂದು ಮುಖ ತಿರುಗಿಸಿದ.

"ಸಾಕಾಗಿಲ್ಲ. ಇನ್ನೂ ಬರಾಕತ್ತೈತಿ" ಎಂದೆ ನಾನು.

ಐದನೆಯ ಸಲ ಕರೆದಾಗ ಸಕ್ರಿ ಬರಲಿಲ್ಲ. ಗೋಡೆಗೆ ಒತ್ತಿಕೊಂಡು ನಡುಗಿತು. ಕೆಚ್ಚಲಿಗೆ ಮಾತ್ರ ಇನ್ನೂ ಬುದ್ಧಿ ಬಂದಿರಲಿಲ್ಲ. ಆ ದನಿ ಕೇಳಿ ಹಾಲು ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಶಾಂತಪ್ಪ ದಿಮ್ಮಿ ಬಿಚ್ಚಿ ಹಗ್ಗ ಹಿಡಿದ. ತಾನಾಗಿಯೇ ಗಾಡಿ ಹತ್ತಿತು.

ಆಮೇಲೆ ಅದು ಓಡಿಬರಲಿಲ್ಲ. ಇಪ್ಪತ್ತು ದಿನ ಕಳೆದ ಮೇಲೆ ಹುಲಿಗೆವ್ವ ಗಾಂಧಿ ಚೌಕದ ಮನೆಗೆ ವಿಡಿಯೋ ಕಾಲ್ ಮಾಡಿದಳು. ಫೋನು ಅವಳ ಸೊಸೆ ಮಾಲಾಳ ಕೈಯಲ್ಲಿತ್ತು.

"ನೋಡ್ರಿ ಅಕ್ಕಾರ, ನಂಗ ಹಾಲ ಇಳಸ್ಯಾಳ!" ಎಂದಳು ಹುಲಿಗೆವ್ವ.

ಸಕ್ರಿ ಮೈತುಂಬಿಕೊಂಡಿತ್ತು. ಕಾಲಿನ ಗಾಯ ಒಣಗಿತ್ತು. ಹಿಂಡಲು ಕೂತ ಹುಲಿಗೆವ್ವನ ಭುಜವನ್ನು ಕತ್ತು ತಿರುಗಿಸಿ ನೆಕ್ಕುತ್ತಿತ್ತು. ಅತ್ತೆ ಫೋನನ್ನು ಮುಖದ ಹತ್ತಿರ ಹಿಡಿದರು. ಸುಮ್ಮನಿರಿ ಎಂದು ನಾನು ಸನ್ನೆ ಮಾಡುವಷ್ಟರಲ್ಲಿ ಅವರ ಬಾಯಿಂದ ಬಂದುಬಿಟ್ಟಿತ್ತು.

"ನನ್ನವ್ವಾ..."

ಅಲ್ಲಿ ಬಕೆಟ್ ಉರುಳಿತು. ಸಕ್ರಿ ಹಗ್ಗ ಜಗ್ಗಿ ಹಿಂದೆ ಹಿಂದೆ ಸರಿದು ಗೋಡೆಗೆ ಹೋಗಿ ಬಡಿಯಿತು. "ಫೋನ್ ಬಂದ್ ಮಾಡಬೇ ಮಾಲಾ, ಅಂಜಾಕತ್ತೈತಿ!" ಎಂದು ಹುಲಿಗೆವ್ವ ಚೀರಿದಳು. ಫೋನ್ ಕಟ್ ಆಯಿತು.

ಅತ್ತೆ ಸೆರಗಿನಿಂದ ಫೋನಿನ ಗಾಜು ಒರೆಸಿ ನನ್ನ ಕೈಗಿಟ್ಟರು.

"ಚೊಲೋ ಮನಿ ಸಿಕ್ಕೈತಿ ಅದಕ್ಕ," ಎಂದರು. "ನೀ ಭಾಳ ಚೊಲೋ ಕಲಿಸಿದಿ ರುಕ್ಸಾರ."